ಸಾಲ ಕೊಟ್ಟಿದ್ದು ದುಡ್ಡು, ವಾಪಸ್ ತಗೊಂಡಿದ್ದು ಜೋಳ

ಬೀದರಿನಿಂದ ಜಹೀರಾಬಾದಿಗೆ ಹೆಚ್ಚು ದೂರವಿಲ್ಲ. ಮೂವತ್ತು ಕಿಲೋಮೀಟರ್ ಆಸುಪಾಸು. 1956ರ ನವೆಂಬರ್ 1ರವರೆಗೆ ಈ ಜಹೀರಾಬಾದ್ ಬೀದರ್ ಜಿಲ್ಲೆಯದೇ ಒಂದು ತಾಲ್ಲೂಕು. ರಾಜ್ಯಗಳನ್ನು ಹಂಚುವಾಗ ನಿರ್ಣಾ ಸರ್ಕಲ್ ಒಂದನ್ನು ನಮ್ಮ ಕಡೆ ಉಳಿಸಿ, ಮಿಕ್ಕಿದ್ದನ್ನು ಆಂಧ್ರದ ಮೆದಕ್ ಜಿಲ್ಲೆಗೆ ಸೇರಿಸಿದರು. ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಗೆರೆ ಎಳೆದರು ಅಂತ ಮಣ್ಣು ಬದಲಾಗುತ್ತದೆಯೇ? ಅದೇ ಜಂಬಿಟ್ಟಿಗೆಯ ಕೆಂಪು ನೆಲ, ನಡುನಡುವೆ ಎರೆ ಹೊಲ, ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ. ಅಲ್ಲಿ ಅದಕ್ಕೆ ಗೋಂಗೂರ ಅನ್ನುತ್ತಾರೆ, ಅಷ್ಟೇ.

ಇಲ್ಲಿನ ಹಳ್ಳಿಗಳಲ್ಲಿ 1990ರ ದಶಕದ ನಡುವೆ ಹೆಂಗಸರು ತಮ್ಮದೇ ಒಂದು ರೇಷನ್ ವ್ಯವಸ್ಥೆ ಕಟ್ಟಿದರು. ಹೆಚ್ಚಿನವರು ದಲಿತರು. ಒಂದೋ ಎರಡೋ ಎಕರೆ ಜಮೀನು, ಅದೂ ಕಲ್ಲು ತುಂಬಿದ್ದು. ಓದು ಬರಹ ಬಾರದವರೇ ಜಾಸ್ತಿ. ಅವರ ರೇಷನ್ನಿನಲ್ಲಿ ಅಕ್ಕಿ ಇರಲಿಲ್ಲ, ಜೋಳ ಇತ್ತು. ಆ ಜೋಳ ಹೊರಗಿನಿಂದ ಬರುತ್ತಿರಲಿಲ್ಲ, ಅದೇ ಊರಿನ ಬೀಳು ಹೊಲದಲ್ಲಿ ಬೆಳೆದದ್ದು. ಯಾರಿಗೆ ಎಷ್ಟು ಕೊಡಬೇಕು ಅಂತ ಊರೇ ಕೂತು ತೀರ್ಮಾನ ಮಾಡುತ್ತಿತ್ತು. ‘ಸ್ಥಳೀಯ ಆಹಾರ’ ಎಂಬ ಮಾತನ್ನು ನಾವು ಈಗ ವಾರಾಂತ್ಯದ ಸಂತೆ, ಸಾವಯವ ಅಂಗಡಿಗಳ ಜೊತೆ ತಳುಕು ಹಾಕಿಬಿಟ್ಟಿದ್ದೇವೆ. ಈ ಪ್ರಕರಣ ಹಾಗಿಲ್ಲ. ಇಲ್ಲಿ ಬೆಳೆದವರೂ ಅವರೇ, ಹಸಿದವರೂ ಅವರೇ.

ಇದಕ್ಕೆ ಬೆನ್ನೆಲುಬಾಗಿ ನಿಂತ ಸಂಸ್ಥೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ 1983ರಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ಮುಂದೆ ನಿಂತವರು ಪಿ.ವಿ. ಸತೀಶ್. ಮೈಸೂರಿನವರು, ಹೆಸರಿನ ಮುಂದಿನ ‘ಪಿ’ ಎಂದರೆ ಪಿರಿಯಾಪಟ್ಟಣ. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡಿಕೊಂಡಿದ್ದ ಈ ಕನ್ನಡಿಗ ಕೊನೆಯವರೆಗೂ ಈ ಹಳ್ಳಿಗಳ ಸುತ್ತಲೇ ಇದ್ದರು. ಊರೂರಿನ ಹೆಂಗಸರ ಗುಂಪಿಗೆ ಅಲ್ಲಿ ‘ಸಂಘಂ’ ಎನ್ನುತ್ತಾರೆ. ಮುಂದೆ ಇಂಥ ಸಂಘಗಳು ಸುಮಾರು 75 ಹಳ್ಳಿಗಳಿಗೆ ಹಬ್ಬಿದವು, ಸದಸ್ಯೆಯರು 5,000ದ ಹತ್ತಿರ ಬಂದರು.

1983 ಎಂಬ ವರ್ಷಕ್ಕೆ ಇನ್ನೊಂದು ಮಹತ್ವ ಇದೆ. ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿ ಕಿಲೋಗೆ 2 ರೂಪಾಯಿ ಅಕ್ಕಿ ತಂದಿದ್ದೂ ಅದೇ ವರ್ಷ. ಆ ಅಕ್ಕಿಯನ್ನು ಬೈಯುವುದು ಸುಲಭ, ಆದರೆ ನ್ಯಾಯ ಅಲ್ಲ. ಹಸಿದ ಮನೆಗಳಿಗೆ ಅದು ನಿಜವಾಗಿಯೂ ಆಸರೆ ಆಯಿತು. ಅನ್ನ ಅಂದರೆ ಹಬ್ಬದ ಊಟ, ಗೌಡರ ಮನೆಯ ಊಟ ಅನ್ನುವ ಕಾಲದಲ್ಲಿ ಬಡವರ ತಟ್ಟೆಗೆ ಅನ್ನ ಬಂತು. ಅದರ ಗೌರವವೂ ಸಣ್ಣದಲ್ಲ.

ಆದರೆ ಜೋಳ ಬೆಳೆಯುವ ಒಣ ಊರಿನಲ್ಲಿ ಆ ಅಕ್ಕಿ ಏನು ಮಾಡಿತು ಅನ್ನುವುದನ್ನು ನಿಧಾನವಾಗಿ ನೋಡಬೇಕು. ಎರಡು ಎಕರೆ ಬಡ ಹೊಲ ಇದ್ದವಳು ಲೆಕ್ಕ ಹಾಕುತ್ತಾಳೆ. ಉಳುಮೆಗೆ ಬಾಡಿಗೆ ಎತ್ತು, ತಿಪ್ಪೆಗೊಬ್ಬರ, ಬೀಜ, ಕಳೆ ತೆಗೆಸುವ ಖರ್ಚು. ಇಷ್ಟೆಲ್ಲ ಮಾಡಿದರೂ ಮಳೆ ಕೈಕೊಟ್ಟರೆ ಏನೂ ಇಲ್ಲ. ಅದರ ಬದಲು ಕೂಲಿಗೆ ಹೋಗಿ ರೇಷನ್ ಅಕ್ಕಿ ತಂದರಾಯಿತಲ್ಲ. ಹೊಲ ಬೀಳು ಬಿತ್ತು. ಇಲ್ಲಿಂದ ಒಂದರ ಹಿಂದೆ ಒಂದು ಶುರು. ಹೊಲ ಬೀಳಾದರೆ ಊರಲ್ಲಿ ಕಳೆ ಕೀಳುವ, ಕೊಯ್ಯುವ ಕೂಲಿ ಇಲ್ಲ. ಜೋಳ ಇಲ್ಲದಿದ್ದರೆ ಕಣಿಕೆ, ಅಂದರೆ ದನಕ್ಕೆ ಹಾಕುವ ಜೋಳದ ದಂಟು, ಇಲ್ಲ. ಕಣಿಕೆ ಇಲ್ಲದೆ ದನ ಕಟ್ಟುವುದು ಹೇಗೆ? ದನ ಮಾರಿದ ಮೇಲೆ ಗೊಬ್ಬರ ಎಲ್ಲಿಂದ? ಗೊಬ್ಬರ ಕಾಣದ ಹೊಲ ಇನ್ನಷ್ಟು ಬಡವಾಗುತ್ತದೆ. ಜೋಳದ ಸಾಲಿನ ನಡುವೆ ಅಕ್ಕಡಿಯಾಗಿ ಬರುತ್ತಿದ್ದ ತೊಗರಿ, ಹೆಸರು, ಅಲಸಂದೆ, ಪುಂಡಿ ಇವೂ ಹೋದವು. ತಾನಾಗಿ ಹುಟ್ಟುತ್ತಿದ್ದ ಸೊಪ್ಪೂ ಹೋಯಿತು. ತಟ್ಟೆಯಲ್ಲಿ ಅಕ್ಕಿ ಉಳಿಯಿತು, ಪಕ್ಕದಲ್ಲಿ ಹಾಕಿಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ.

ಹೀಗೆ ಕಳೆದುಹೋದ ಕೊಂಡಿಗಳನ್ನು ಎಲ್ಲಿಂದ ಮತ್ತೆ ಜೋಡಿಸುವುದು? ಸಂಘದ ಹೆಂಗಸರು ಹಿಡಿದ ತುದಿ ಬೀಳು ಹೊಲ.

ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವು ಸಿಕ್ಕಿತು. 30 ಚಿಲ್ಲರೆ ಹಳ್ಳಿಗಳು. ಒಟ್ಟು 2,675 ಎಕರೆ ಬೀಳು ಮತ್ತು ಬಡ ಹೊಲ. ಹಳ್ಳಿಗೆ ಹೆಚ್ಚುಕಮ್ಮಿ ಎಂಬತ್ತು ಎಕರೆ ಅಂದುಕೊಳ್ಳಿ. ಹೊಲದ ಒಡತಿ ಅಥವಾ ಒಡೆಯನಿಗೆ ಎಕರೆ ಲೆಕ್ಕದಲ್ಲಿ ಸಾಲ. ಆದರೆ ದುಡ್ಡನ್ನು ಒಂದೇ ಸಲ ಕೈಗೆ ಕೊಡಲಿಲ್ಲ. ಉಳುಮೆ ಆದರೆ ಉಳುಮೆಯ ದುಡ್ಡು. ಗೊಬ್ಬರ ಬಿದ್ದರೆ ಗೊಬ್ಬರದ್ದು. ಬಿತ್ತನೆ, ಕಳೆ, ಹೀಗೆ ಕಂತು ಕಂತಾಗಿ. ನೋಡಿಕೊಳ್ಳುವುದಕ್ಕೆ ಊರಿನದೇ ಹೆಂಗಸರ ಸಮಿತಿ. ಯಾರ ಹೊಲದಲ್ಲಿ ಗೊಬ್ಬರ ನಿಜವಾಗಿ ಬಿದ್ದಿದೆ, ಯಾರದ್ದು ಬದುವಿನಲ್ಲೇ ಗುಡ್ಡೆ ಹಾಕಿ ಬಿಟ್ಟಿದ್ದಾರೆ ಅನ್ನುವುದು ದಿನಾ ಅದೇ ದಾರಿಯಲ್ಲಿ ಸೌದೆಗೆ ಹೋಗುವವಳಿಗೆ ಗೊತ್ತಿರುತ್ತದೆ ಅಲ್ವಾ. ಜೀಪಿನಲ್ಲಿ ಬರುವ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು?

ಈಗ ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವ ವಿಷಯ. ಆ ಸಾಲವನ್ನು ದುಡ್ಡಿನಲ್ಲಿ ತೀರಿಸುವ ಹಾಗಿರಲಿಲ್ಲ. ಐದು ವರ್ಷ, ವರ್ಷಕ್ಕಿಷ್ಟು ಅಂತ, ಜೋಳವನ್ನೇ ಅಳೆಯಬೇಕು.

ಮೇಲುನೋಟಕ್ಕೆ ಇದು ಹಳೆ ಕಾಲದ ಪದ್ಧತಿ ಅನ್ನಿಸಬಹುದು. ಆದರೆ ಇದರಲ್ಲಿ ಎಷ್ಟು ಜಾಣತನ ಇದೆ ನೋಡಿ. ಸುಗ್ಗಿಯಲ್ಲಿ ಜೋಳದ ರೇಟು ಬಿದ್ದಿರುತ್ತದೆ. ದುಡ್ಡಿನ ಸಾಲ ಇದ್ದವಳು ಆಗಲೇ ಸಿಕ್ಕ ಬೆಲೆಗೆ ಮಾರಬೇಕು, ಮಳೆಗಾಲ ಬಂದಾಗ ದುಪ್ಪಟ್ಟು ಕೊಟ್ಟು ಅದೇ ಜೋಳ ಕೊಳ್ಳಬೇಕು. ಜೋಳದ ಸಾಲದಲ್ಲಿ ಆ ಪೆಟ್ಟು ಇಲ್ಲ. ಕಣದಿಂದಲೇ ಅಳೆದು ಹಾಕಿದರೆ ಮುಗಿಯಿತು, ರೇಟು ಎಷ್ಟೇ ಇರಲಿ. ಎರಡನೆಯದು, ಸಾಲ ತಗೊಂಡು ಹತ್ತಿಯನ್ನೋ ಕಬ್ಬನ್ನೋ ಹಾಕುವ ಆಸೆಗೆ ಇದು ಸುಮ್ನೆ ಬಾಗಿಲು ಹಾಕುತ್ತದೆ. ತೀರಿಸುವುದಕ್ಕೆ ಜೋಳವೇ ಬೇಕಲ್ಲ. ನಿಯಮ ಬರೆಯಬೇಕಿಲ್ಲ, ದಂಡ ಹಾಕಬೇಕಿಲ್ಲ. ಮೂರನೆಯದು, ತೀರಿದ ಸಾಲ ಪಟ್ಟಣದ ಬ್ಯಾಂಕಿಗೆ ಹೋಗದೆ ಊರಿನ ಕಣಜಕ್ಕೆ ಬಂತು. ಅದನ್ನು ಅವರು ಸಮುದಾಯ ಧಾನ್ಯ ನಿಧಿ ಎಂದು ಕರೆದರು. ಸಗಣಿ, ಮಣ್ಣು ಮೆತ್ತಿದ ದೊಡ್ಡ ಬುಟ್ಟಿಗಳು, ನಡುವೆ ಬೇವಿನ ಎಲೆ, ಬೂದಿ. ನಮ್ಮ ಕಡೆಯ ಹಗೇವು, ಕಣಜ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಣಜ ತುಂಬಿತು ಅಂದುಕೊಳ್ಳೋಣ. ಯಾರಿಗೆ ಕೊಡುವುದು?

ಸರ್ಕಾರದ ಬಡವರ ಪಟ್ಟಿ ಹೇಗೆ ಆಗುತ್ತದೆ ಅಂತ ಹಳ್ಳಿಯಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಇಲ್ಲಿ ಬೇರೆ ದಾರಿ ಹಿಡಿದರು. ಊರಿನವರೆಲ್ಲ ಒಂದು ಕಡೆ ಸೇರುವುದು. ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆ ಬರೆಯುವುದು. ಮನೆ ಮನೆಗೂ ಗುರುತು ಹಾಕಿ, ಈ ಮನೆ ಎಷ್ಟು ಕಷ್ಟದಲ್ಲಿದೆ ಅಂತ ಎಲ್ಲರ ಎದುರಿಗೇ ಮಾತಾಡುವುದು. ಗಂಡ ಇಲ್ಲದವಳೇ, ಮಕ್ಕಳು ಸಣ್ಣವರೇ, ಎತ್ತು ಇದೆಯೇ, ಜಮೀನು ಇದ್ದರೂ ಅದರಲ್ಲಿ ಏನಾದರೂ ಬರುತ್ತದೆಯೇ, ಜೀತಕ್ಕೆ ಯಾರಾದರೂ ಇದ್ದಾರೆಯೇ. ಅಕ್ಷರ ಬಾರದವರಿಗೂ ನಕ್ಷೆ ಓದುವುದಕ್ಕೆ ಬರುತ್ತದೆ. ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಪಕ್ಕದ ಮನೆಯವಳು ಅಲ್ಲೇ ಕೂತಿದ್ದಾಳೆ. ಅತಿ ಬಡ ಮನೆಗೆ ಹೆಚ್ಚು ಜೋಳ, ಅದಕ್ಕಿಂತ ವಾಸಿಯಾದವರಿಗೆ ಸ್ವಲ್ಪ ಕಡಿಮೆ. ಸ್ಥಿತಿವಂತರಿಗೆ ಇಲ್ಲ. ಕೊಡುವುದು ಕೂಲಿಯೂ ಸಿಗದ, ಮನೆಯಲ್ಲೂ ಕಾಳಿಲ್ಲದ ತಿಂಗಳುಗಳಲ್ಲಿ, ಪೇಟೆಗಿಂತ ಕಡಿಮೆ ಬೆಲೆಗೆ. ಸುಮ್ಮನೆ ಕೊಡುತ್ತಿರಲಿಲ್ಲ, ಮಾರುತ್ತಿದ್ದರು. ಆ ಹಣ ಬ್ಯಾಂಕಿನಲ್ಲಿ ಊರಿನ ನಿಧಿಯಾಗಿ ಕೂತಿತು. ಅದರ ಬಡ್ಡಿಯಲ್ಲಿ ಮುಂದಿನ ವರ್ಷ ಇನ್ನಷ್ಟು ಬೀಳು ಹೊಲಕ್ಕೆ ನೇಗಿಲು ಇಳಿಸಬೇಕು ಎಂಬುದು ಯೋಜನೆ.

ನಮ್ಮವರನ್ನು ನಾವೇ ಎಲ್ಲರೆದುರು ‘ಕಡುಬಡವ’ ಎಂದು ಎಣಿಸುವುದು ಮುಜುಗರದ ಕೆಲಸ ಅಲ್ಲವೇ ಅಂತ ಕೇಳಬಹುದು. ಹೌದು. ನನಗೂ ಹಾಗೆ ಅನ್ನಿಸಿತ್ತು. ಆದರೆ ಕಚೇರಿಯ ಕಿಟಕಿಯ ಮುಂದೆ ಆದಾಯ ಪ್ರಮಾಣಪತ್ರಕ್ಕೆ ನಿಲ್ಲುವ ಮುಜುಗರ ಇದಕ್ಕಿಂತ ಕಡಿಮೆಯೇನಲ್ಲ. ಅಲ್ಲಿ ಬಡತನವನ್ನು ಸಾಬೀತು ಮಾಡಬೇಕು. ಇಲ್ಲಿ ಅದು ಊರಿಗೇ ಗೊತ್ತು.

ಫಲ ಏನಾಯಿತು? ಸಂಸ್ಥೆ ಕೊಡುವ ಲೆಕ್ಕ ಹೀಗಿದೆ. ಮೊದಲ ವರ್ಷವೇ ಸುಮಾರು 8 ಲಕ್ಷ ಕಿಲೋ ಜೋಳ ಹೆಚ್ಚಾಗಿ ಬಂತು. ಅಂದರೆ 30 ಲಕ್ಷದಷ್ಟು ಹೆಚ್ಚಿನ ಊಟ, ಪಾಲ್ಗೊಂಡ ಮನೆಗೆ ಸರಾಸರಿ ಸಾವಿರ ಊಟ. ಸುಮಾರು 6,000 ದನಗಳಿಗೆ ಆಗುವಷ್ಟು ಮೇವು. ಈ ಅಂಕಿಗಳನ್ನು ಎಕರೆಗೆ ಇಳಿಸಿ ನೋಡಿದೆ. 8 ಲಕ್ಷವನ್ನು 2,675ರಿಂದ ಭಾಗಿಸಿದರೆ ಎಕರೆಗೆ 300 ಕಿಲೋ, ಅಂದರೆ ಮೂರು ಕ್ವಿಂಟಾಲ್. ನೀರಾವರಿ ಗದ್ದೆಯವರು ನಕ್ಕುಬಿಡುತ್ತಾರೆ. ನಗಲಿ. ಇದು ಗೊಬ್ಬರದ ಚೀಲ ಕಾಣದ, ಕೊಳವೆಬಾವಿ ಇಲ್ಲದ, ಹಿಂದಿನ ವರ್ಷ ಮುಳ್ಳುಕಂಟಿ ಬೆಳೆದಿದ್ದ ನೆಲ. ಮೂರು ಕ್ವಿಂಟಾಲ್ ಅಂದರೆ ಒಂದು ಮನೆಗೆ ಎಷ್ಟೋ ತಿಂಗಳ ರೊಟ್ಟಿ. ಹಾಗಾಗಿ ಈ ಸಂಖ್ಯೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಎಕರೆಗೆ ಹತ್ತು ಕ್ವಿಂಟಾಲ್ ಅಂತ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಕಣಿಕೆಯ ಲೆಕ್ಕವನ್ನು ಓದುವವರು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಕಣಿಕೆ ಮನೆಗೆ ಬಂದರೆ ಎಮ್ಮೆ ಉಳಿಯುತ್ತದೆ, ಎಮ್ಮೆ ಉಳಿದರೆ ತಿಪ್ಪೆ ತುಂಬುತ್ತದೆ, ಎರಡನೇ ವರ್ಷ ಗೊಬ್ಬರಕ್ಕೆ ಸಾಲ ಬೇಕಾಗುವುದಿಲ್ಲ. ಬೀಳು ಬಿದ್ದಾಗ ಕಳಚಿಕೊಂಡ ಸರಪಳಿ ಈಗ ಹಿಂದಿನಿಂದ ಮುಂದಕ್ಕೆ ಕೂಡಿಕೊಂಡು ಬಂತು. ಜೋಳದಲ್ಲೂ ಗಿಡ್ಡ ಹೈಬ್ರಿಡ್ ಬೇಡ, ಎತ್ತರದ ನಾಟಿಯೇ ಬೇಕು ಅಂತ ಅವರು ಹಟ ಹಿಡಿದದ್ದು ಇದಕ್ಕೇ. ಅವರು ‘ಪಚ್ಚ ಜೊನ್ನ’ ಅನ್ನುವ ಹಳದಿ ಜೋಳ ಅಂಥದ್ದು. ಮೇಲೆ ಕಾಳು ಮನೆಯವರಿಗೆ, ಕೆಳಗೆ ದಂಟು ಕೊಟ್ಟಿಗೆಗೆ.

ಬೀಜದ ವ್ಯವಹಾರವೂ ಹಾಗೇ ಇತ್ತು. ಹಳ್ಳಿಯ ಬೀಜ ಭಂಡಾರದಿಂದ ಒಂದು ಪಾಲು ತಗೊಂಡರೆ ಸುಗ್ಗಿಯಲ್ಲಿ ಎರಡು ಪಾಲು ವಾಪಸ್. ಬೀಜಕ್ಕೆ ದುಡ್ಡಿಲ್ಲ. ಒಂದು ಎಕರೆಯಲ್ಲೇ ಜೋಳ, ಸಜ್ಜೆ, ನವಣೆ, ತೊಗರಿ, ಉದ್ದು, ಹೆಸರು, ಎಳ್ಳು, ಗುರೆಳ್ಳು ಅಂತ ಹತ್ತಿಪ್ಪತ್ತು ಬಗೆ ಬಿತ್ತುವವರು ಇವರು. ಹಿಂಗಾರಿನಲ್ಲಿ ನೀರು ಹಾಯಿಸದೆ, ಬರೀ ಇಬ್ಬನಿ ಮತ್ತು ಎರೆ ಮಣ್ಣಿನ ತೇವದಲ್ಲಿ ಬರುವ ಕಡಲೆ, ಕುಸುಬೆ, ಅಗಸೆಯಂಥ ಬೆಳೆಗಳಿಗೆ ಆ ಹೆಂಗಸರು ಇಟ್ಟ ಹೆಸರು ‘ಸತ್ಯಂ ಪಂಟಲು’, ಸತ್ಯದ ಬೆಳೆಗಳು. ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಯಲ್ಲಿ ಇಷ್ಟು ಚೆಂದದ ಹೆಸರು ಸಿಗುವುದಿಲ್ಲ ಬಿಡಿ.

ವರ್ಷಾ ವರ್ಷ ಸಂಕ್ರಾಂತಿಗೆ ‘ಪಾತ ಪಂಟಲ ಜಾತರ’ ಹೊರಡುತ್ತದೆ. ಹಳೆ ಬೆಳೆಗಳ ಜಾತ್ರೆ. ಸಿಂಗಾರ ಮಾಡಿದ ಎತ್ತಿನ ಗಾಡಿಗಳಲ್ಲಿ ಬೀಜದ ಮಡಕೆಗಳನ್ನು ಇಟ್ಟುಕೊಂಡು ಸುಮಾರು ಒಂದು ತಿಂಗಳು ಊರೂರು ತಿರುಗುತ್ತಾರೆ. 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ ‘ಸಂಘಂ ರೇಡಿಯೋ’ ಶುರುವಾಯಿತು. ನಡೆಸುವವರು ಹಳ್ಳಿಯ ದಲಿತ ಹೆಂಗಸರೇ. ಸ್ಟುಡಿಯೋ, ಧ್ವನಿಮುದ್ರಣ ಎಲ್ಲ 1998ರಿಂದಲೇ ಇತ್ತು. ಪ್ರಸಾರಕ್ಕೆ ಲೈಸೆನ್ಸ್ ಸಿಗುವುದಕ್ಕೆ ಹತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಕ್ಯಾಸೆಟ್ ಮಾಡಿಟ್ಟುಕೊಂಡು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಬಿತ್ತುವ ಮಾತು, ಹಾಡು, ಮನೆಮದ್ದು, ಯಾರ ಮನೆಯಲ್ಲಿ ಯಾವ ಬೀಜ ಇದೆ ಎಂಬ ಸುದ್ದಿ. ಆಹಾರದ ವ್ಯವಸ್ಥೆ ಅಂದರೆ ಇದೂ ಸೇರಿ.

ಇನ್ನು ಇದರ ಇನ್ನೊಂದು ಮುಖ. ಈ ಕಥೆಯನ್ನು ಹೊಗಳುತ್ತಾ ಮುಗಿಸುವವರೇ ಜಾಸ್ತಿ. ಹಾಗಾದರೆ ಇದು ಪಕ್ಕದ ನೂರು ತಾಲ್ಲೂಕುಗಳಿಗೆ ಯಾಕೆ ಹಬ್ಬಲಿಲ್ಲ?

ಒಂದು ಕಾರಣ ಕಣ್ಣಿಗೆ ಹೊಡೆಯುವಂಥದ್ದು. ರೇಷನ್ ಅಕ್ಕಿ ಅಗ್ಗ ಆಗುತ್ತಲೇ ಹೋಯಿತು. 2011ರ ಕೊನೆಗೆ ಆಂಧ್ರದಲ್ಲಿ ಕಿಲೋಗೆ 1 ರೂಪಾಯಿ. ತೆಲಂಗಾಣ ಬೇರೆಯಾದ ಮೇಲೆ, 2015ರ ಜನವರಿಯಿಂದ ತಲೆಗೆ 6 ಕಿಲೋ, ಮನೆಗೆ ಇಷ್ಟೇ ಎಂಬ ಮಿತಿಯೂ ಇಲ್ಲ. ಊರಿನ ಕಣಜದ ಜೋಳ ಎಷ್ಟು ಅಗ್ಗ ಮಾಡಿದರೂ ಒಂದು ರೂಪಾಯಿಗೆ ಇಳಿಯಲಾರದು. ಒಂದು ಕಡೆ ಸರ್ಕಾರ ಬೀಳು ಹೊಲಕ್ಕೆ ನೆರವು ಕೊಟ್ಟಿತು, ಇನ್ನೊಂದು ಕಡೆ ಅದೇ ಹೊಲವನ್ನು ಮತ್ತೆ ಬೀಳು ಮಾಡುವಷ್ಟು ಅಗ್ಗದ ಅಕ್ಕಿ ಕೊಟ್ಟಿತು. ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲ.

ಇನ್ನೊಂದು, ಜಹೀರಾಬಾದ್ ಬರೀ ಬಡ ಹೊಲಗಳ ಊರಲ್ಲ. ಕಬ್ಬು ಇದೆ, ಶುಂಠಿ, ಆಲೂಗಡ್ಡೆ, ಹತ್ತಿ ಇವೆ. ಕೊಳವೆಬಾವಿ ಇದ್ದವರು ಆ ಕಡೆ ಹೋದರು. ಹೈದರಾಬಾದ್ ನೂರು ಕಿಲೋಮೀಟರ್ ಅಷ್ಟೇ, ಹೆದ್ದಾರಿಯೂ ಇದೆ. ಹುಡುಗರು ಬಸ್ಸು ಹತ್ತಿದರು. ಅಜ್ಜಿಯ ಹಾಗೆ ಇಪ್ಪತ್ತು ಬಗೆ ಬೀಜ ಬೇರೆ ಬೇರೆ ಮಾಡಿ ಎತ್ತಿಡಲು ಮೊಮ್ಮಗಳಿಗೆ ಪುರುಸೊತ್ತಿಲ್ಲ. ಅವಳನ್ನು ದೂರಿ ಪ್ರಯೋಜನ ಇಲ್ಲ. ಒಂದು ಸೇರು ಸಾವೆ ಕುಟ್ಟಿ ಅಕ್ಕಿ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಒನಕೆ ಹಿಡಿದವರಿಗೇ ಗೊತ್ತು. ಸಿರಿಧಾನ್ಯವನ್ನು ಹೊಗಳುವ ಗಂಡಸರು ಈ ವಿಷಯವನ್ನು ಎತ್ತುವುದೇ ಇಲ್ಲ, ಗಮನಿಸಿದ್ದೀರಾ?

ಮೂರನೆಯದು ನನ್ನ ಅನುಮಾನ. ಈ ಬಗೆಯ ಕೆಲಸಕ್ಕೆ ಬೇಕಾದ ಅತಿ ದುಬಾರಿ ವಸ್ತು ದುಡ್ಡಲ್ಲ, ವರ್ಷಗಳು. ನೆಲದ ಮೇಲೆ ನಕ್ಷೆ ಬರೆದು ಊರು ಜಗಳವಾಡದೆ ಎದ್ದು ಹೋಗಬೇಕಾದರೆ, ಅದಕ್ಕೂ ಮುಂಚೆ ಹತ್ತು ವರ್ಷ ಆ ಹೆಂಗಸರು ವಾರ ವಾರ ಕೂತು, ಉಳಿತಾಯ ಮಾಡಿ, ಭೂಮಿಯನ್ನು ಒಟ್ಟಿಗೆ ಗುತ್ತಿಗೆ ಹಿಡಿದು ಮಾಡಿ, ಒಬ್ಬರನ್ನೊಬ್ಬರು ನಂಬಿರಬೇಕು. ಇಲ್ಲಿ 1983ರಿಂದ ಧಾನ್ಯ ನಿಧಿಯವರೆಗೆ ಹತ್ತು ಹನ್ನೊಂದು ವರ್ಷ ಆಗಿತ್ತು. ಅದನ್ನು ಬಿಟ್ಟು ಯೋಜನೆಯನ್ನು ಮಾತ್ರ ಎತ್ತಿಕೊಂಡು ಹೋದರೆ ಸಮಿತಿಯಲ್ಲಿ ಊರಿನ ಬಲಾಢ್ಯರೇ ಬಂದು ಕೂರುತ್ತಾರೆ.

ಆದರೂ ಇಲ್ಲಿಂದ ಹೊರಟ ಮಾತು ದಿಲ್ಲಿಯವರೆಗೆ ಹೋಯಿತು. ಸಂಘದ ಹೆಂಗಸರು, ಅವರ ಜೊತೆಗಿದ್ದ ಭಾರತೀಯ ಸಿರಿಧಾನ್ಯ ಜಾಲ, ರೇಷನ್ನಿನಲ್ಲಿ ಜೋಳ ಸಜ್ಜೆ ರಾಗಿ ಯಾಕಿಲ್ಲ ಅಂತ ವರ್ಷಗಟ್ಟಲೆ ಕೇಳಿದರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ 3 ರೂಪಾಯಿ, ಗೋಧಿ 2, ಒರಟು ಧಾನ್ಯ 1 ರೂಪಾಯಿ ಅಂತ ಸೇರಿತು. ‘ಒರಟು’ ಎಂಬ ಪದ ಹೋಗಿ ‘ಪೌಷ್ಟಿಕ ಧಾನ್ಯ’ ಆಗಿದ್ದು 2018ರ ಏಪ್ರಿಲ್‌ನಲ್ಲಿ. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಆ ವರ್ಷದ ಮಾರ್ಚ್‌ನಲ್ಲೇ ಸತೀಶ್ ತೀರಿಕೊಂಡರು.

ಸಿರಿಧಾನ್ಯಕ್ಕೆ ಪಟ್ಟಣದಲ್ಲಿ ಬೆಲೆ ಬಂದದ್ದು ಒಳ್ಳೆಯ ಸುದ್ದಿಯೇ. ಆದರೆ ಅದೇ ಈ ವ್ಯವಸ್ಥೆಗೆ ಹೊಸ ಬಿಕ್ಕಟ್ಟು ಕೂಡ. ಬೆಂಗಳೂರಿನ ಅಂಗಡಿಯಲ್ಲಿ ನವಣೆಗೆ ಒಳ್ಳೆ ಅಕ್ಕಿಗಿಂತ ಹೆಚ್ಚು ರೇಟು. ಬೆಳೆದವಳು ಅದನ್ನು ಮಾರಿ ರೇಷನ್ ಅಕ್ಕಿ ಉಣ್ಣುವುದೇ ಲಾಭ. ದುಡ್ಡಿನ ಲೆಕ್ಕದಲ್ಲಿ ಸರಿ. ಆದರೆ ಧಾನ್ಯ ನಿಧಿ ಹುಟ್ಟಿದ್ದೇ ಬೆಳೆದವಳ ಮನೆಯಲ್ಲಿ ಅದು ಉಳಿಯಲಿ ಅಂತ. ಸಾಲವನ್ನು ಜೋಳದಲ್ಲಿ ಕಟ್ಟಿಸಿಕೊಂಡವರಿಗೆ ಇದು ಮೊದಲೇ ಹೊಳೆದಿತ್ತು ಅನ್ನಿಸುತ್ತದೆ.

ಗಡಿಯ ಈಚೆ ನಮ್ಮಲ್ಲಿ ಸರ್ಕಾರ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ರೇಷನ್ನಿನಲ್ಲಿ ಕೊಡುತ್ತಿದೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ. ಒಳ್ಳೆಯ ಹೆಜ್ಜೆ, ಜಹೀರಾಬಾದಿಗಿಂತ ಎಷ್ಟೋ ಪಾಲು ದೊಡ್ಡದು. ಆದರೆ ರೈತ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು, ಚೀಲ ಗೋದಾಮಿಗೆ ಹೋಗಬೇಕು, ಅಲ್ಲಿಂದ ಸುತ್ತಿ ಮತ್ತೆ ಅದೇ ಊರಿನ ನ್ಯಾಯಬೆಲೆ ಅಂಗಡಿಗೆ ಬರಬೇಕು. ಜೋಳ ಹೆಚ್ಚು ದಿನ ಕೂತರೆ ಹುಳ ಬೀಳುತ್ತದೆ. ಬೇವಿನ ಎಲೆ ಹಾಕಿದ ಬುಟ್ಟಿಯಲ್ಲಿ, ಊರಲ್ಲೇ, ಐದು ಜನ ಹೆಂಗಸರ ಕಣ್ಣೆದುರಿಗೆ ಇಟ್ಟರೆ ಈ ಸುತ್ತು ಬೇಕಿಲ್ಲ. ಬೀದರ್, ಕಲಬುರಗಿ ಕಡೆ ಯಾವುದಾದರೂ ಒಂದು ಸ್ತ್ರೀಶಕ್ತಿ ಸಂಘಕ್ಕೆ ಒಂದು ಹಂಗಾಮಿಗೆ ಅಷ್ಟು ಕೆಲಸ ಕೊಟ್ಟು ನೋಡಬಹುದು. ನೂರು ಎಕರೆಯೂ ಬೇಡ, ಹತ್ತು ಸಾಕು. ಅಳೆಯುವ ಸೇರು ಮಾತ್ರ ಅವರ ಕೈಯಲ್ಲೇ ಇರಲಿ.